ಎರಡನೇ ಪ್ರತಿ

...ಅದೊಂದು ಅಭ್ಯಾಸ ಇತ್ತು ಸಾಹೇಬ್ರಿಗೆ. ಹೇಳಿ ಬರೆಸೋಕೆ ಶುರು ಮಾಡೋ ಮುಂಚೆ ಬೆತ್ತದ ಕುರ್ಚೀನ ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತ್ಕೊಳ್ಳೋರು. ದಿನಾ. ಅಷ್ಟು ಚೆಂದದ ಸಮುದ್ರ ಎದುರಿಗಿರುವಾಗ ಗೋಡೆ ನೋಡ್ಕೊಂಡು ಯಾರು ಕೂರ್ತಾರೆ ಅಂತ ಕೆಲಸದವಳು ಸಂಜೆ ಅದನ್ನ ಮತ್ತೆ ಈ ಕಡೆ ತಿರುಗಿಸಿ ಇಡೋಳು. ಮಾರನೇ ದಿನ ಇವರು ಮತ್ತೆ ಆ ಕಡೆ. ಎಂಟು ತಿಂಗಳು! ಗೋಡೆ ನೋಡ್ಕೊಂಡೇ ಸಮುದ್ರದ ಬಗ್ಗೆ ಮುನ್ನೂರು ಪುಟ ಹೇಳಿ ಬರೆಸಿದ್ರು, ಟಾಂಟಿ. ನಾನು ಎದುರಿಗೆ ಕೂತು ಟೈಪ್ ಮಾಡ್ತಿದ್ದೆ. ಅವರ ಭುಜದ ಮೇಲಿಂದ ನನಗೆ ಸಮುದ್ರ ಕಾಣ್ತಿತ್ತು. ನಿಮ್ಮ ಮಗ ಸಿಲ್ವನ್‌ನ ಹಾಯಿದೋಣಿ ಬರೋದೂ ಕಾಣ್ತಿತ್ತು...

ನಗ್ತಿದ್ದೀರಾ? ಇಲ್ವಾ... ನಕ್ಕ ಹಾಗೆ ಕಂಡಿತು.

ಕೊಡಿ, ಆ ತೊಗರಿಕಾಯಿ ಅರ್ಧ ಈ ಕಡೆ ಸುರೀರಿ. ಮಾತಾಡ್ತಾ ಬಿಡಿಸ್ತೀನಿ. ನಾಳೆಗೆ ಇಷ್ಟು ಸಾಕಾ? ನೂರು ಜನ ಆಗ್ತಾರೆ ಅಂತ ದಾರೀಲಿ ಯಾರೋ ಅಂದ್ರು. ಟ್ರಿನಿಡಾಡಿನಿಂದ ನಿಮ್ಮ ತಮ್ಮನೂ ಬಂದಿದ್ದಾರಂತೆ. ಹಿತ್ತಲಲ್ಲಿ ಡೋಲಿನ ಚರ್ಮ ಬಿಸಿಲಿಗೆ ಇಟ್ಟಿರೋದು ನೋಡಿದೆ. ಒಳಗೆ ಗೋರಿಕಲ್ಲನ್ನೂ ನೋಡಿದೆ. ಮಂಚದ ಮೇಲೆ, ಬಿಳೀ ದುಪ್ಪಟಿ ಹೊದ್ದು, ಮನುಷ್ಯ ಮಲಗಿದ ಹಾಗೇ... ನಾನು ದುಪ್ಪಟಿ ಎತ್ತಿ ಹೆಸರು ನೋಡಲಿಲ್ಲ. ನೋಡಬಹುದಿತ್ತೇನೋ. ಕೈ ಬರಲಿಲ್ಲ.

ಮೂರು ವರ್ಷ ಆಯ್ತು, ಅಲ್ವಾ. ಸಿಲ್ವನ್‌ನ ಗೋರಿ ಮೇಲೆ ಕಲ್ಲಿಲ್ಲದೆ ಮೂರು ವರ್ಷ. ನಾಳೆ ನೀವು ಕಲ್ಲು ನಿಲ್ಲಿಸ್ತೀರಿ, ಡೋಲು ಬಡೀತಾರೆ, ಮೊದಲನೇ ಹಾಡಿಗೆ ಮನೆಯವರೆಲ್ಲ ಸಾಲಾಗಿ ಮೊಣಕಾಲೂರಿ ಕ್ಷಮೆ ಕೇಳ್ತೀರಿ. ನಾನು ಬಂದಿದ್ದು ಅದಕ್ಕೇ, ಟಾಂಟಿ. ಪುಸ್ತಕ ತಗೊಂಡು ಬಾ ಅಂತ ನೀವು ಹೇಳಿ ಕಳಿಸಿದ್ರಿ, ನಿಜ. ಸತ್ತವನು ಹೇಗೆ ಹೋದ ಅಂತ ಕಲ್ಲಿನ ಮುಂದೆ ತೀರಿಹೋದ ಹಿರಿಯರಿಗೆ ಹೇಳಬೇಕಲ್ಲ, ಅದು ನಿಮ್ಮ ಮನೆಯ ಪದ್ಧತಿ. ಪುಸ್ತಕದಲ್ಲಿ ಏನಿದೆಯೋ ಕೇಳೋಣ ಅಂತ ಕರೆಸಿದ್ರಿ. ಓದ್ತೀನಿ. ಆದರೆ ಓದಿದ ಮೇಲೆ ನಾನೂ ಒಂದು ಕೇಳ್ತೀನಿ. ನಾಳೆ ಆ ಸಾಲಿನಲ್ಲಿ ನನಗೂ ಒಂದು ಜಾಗ ಬೇಕು. ನಾನು ಸೊಸೆ ಆಗಲಿಲ್ಲ... ಆದರೂ ನಿಮ್ಮನ್ನ ಟಾಂಟಿ, ಅತ್ತೆ ಅಂತ ಕರೆದಷ್ಟು ಸಲ ಹೆತ್ತ ತಾಯೀನ ಅಮ್ಮಾ ಅಂದಿಲ್ಲ.

ಹೂಂ. ಆಮೇಲೆ ಹೇಳಿ. ಈಗಲೇ ಹೇಳಬೇಡಿ.

ಇದೇ ಪುಸ್ತಕ. ಕೈಯಲ್ಲಿ ಹಿಡೀರಿ, ಪರವಾಗಿಲ್ಲ, ಕೈ ಕರೆ ಆದ್ರೆ ಆಗಲಿ. ನೀಲಿ ಬಟ್ಟೆಯ ಹೊದಿಕೆ. ಟ್ರೆವಿಸ್ ಸಾಹೇಬ್ರೇ ಲಂಡನ್ನಿನಿಂದ ಕಳಿಸಿದ್ದು. ಶಾಲೆ ವಿಳಾಸಕ್ಕೆ ಬಂತು. ‘ನನ್ನ ತಾಳ್ಮೆಯ ಬೆರಳುಗಳಿಗೆ’ ಅಂತ ಬರೆದು ಸಹಿ ಹಾಕಿದ್ದಾರೆ ನೋಡಿ ಇಲ್ಲಿ. ಬೆರಳುಗಳಿಗೆ! ನನ್ನ ಹೆಸರು ಹಾಕಿ, ಇಸ್ಮೇಗೆ ಅಂತ ಅಲ್ಲ.

ಕಥೆ ಏನು ಅಂತೀರಾ... ಕಥೆ ಇಲ್ಲ ಇದರಲ್ಲಿ. ಹೊಸ ರೀತಿಯ ಕಾದಂಬರಿ ಇದು. ಒಬ್ಬ ಬಿಳಿಯ ಅಧಿಕಾರಿ ಇರ್ತಾನೆ, ಅವನಿಗೆ ಜ್ವರ, ಜಗಲಿಯಲ್ಲಿ ಮಲಗಿರ್ತಾನೆ. ಒಂದೇ ದಿನ. ಬೆಳಿಗ್ಗೆಯಿಂದ ಸಂಜೆವರೆಗೆ ಅವನ ತಲೆಯೊಳಗೆ ಏನೇನು ಹರಿಯುತ್ತೋ ಅಷ್ಟೂ, ಪುಟಗಟ್ಟಲೆ, ಉಸಿರು ಬಿಡದೆ. ಅವನಮ್ಮನ ಕೈಗವಸು, ಶಾಲೇಲಿ ತಿಂದ ಏಟು, ಗವರ್ನರ್ ಬಂಗಲೆಯ ಔತಣದಲ್ಲಿ ಮಳೆಗೆ ನೆಂದು ಕಂಬಕ್ಕೆ ಅಂಟಿಕೊಂಡ ಬಾವುಟ... ಅದೆಲ್ಲ ಇದೆ. ನಮ್ಮ ದ್ವೀಪ ಕ್ಯಾರಿಯಾಕೂನೂ ಇದೆ. ಆದರೆ ಅದು ಇಲ್ಲಿಲ್ಲ, ಟಾಂಟಿ. ಅವನ ತಲೆನೋವಿನೊಳಗೆ ಇದೆ.

ಚೆಂದ ಇದೆ. ಅದೇ ಕಷ್ಟ ನನಗೆ. ಚೆಂದ ಇಲ್ಲದಿದ್ರೆ ಒಲೆಗೆ ಹಾಕ್ತಿದ್ದೆ. ದೊರೆಗಳ ಆಳ್ವಿಕೆ ಅನ್ನೋದು ನಿದ್ದೆಯಲ್ಲಿ ನಡೆಯೋ ರೋಗ, ನಡೆಯೋನಿಗೆ ತಾನು ಯಾರ ಎದೆ ಮೇಲೆ ಕಾಲಿಟ್ಟೆ ಅಂತ ಗೊತ್ತಾಗಲ್ಲ ಅಂತ ಒಂದು ಮಾತು ಬರೆದಿದ್ದಾರೆ. ಆ ಮಾತು ಟೈಪ್ ಮಾಡಿ, ಹಾಳೆ ತೆಗೆದು ಎರಡು ಸಲ ಓದ್ಕೊಂಡೆ. ಅದೇ ವಾರ ಶಾಲೇಲಿ ಸಾಮ್ರಾಜ್ಯದ ದಿನ. ಐವತ್ತು ಮಕ್ಕಳಿಗೆ ಬಾವುಟ ಕೊಟ್ಟು ಸಾಲು ನಿಲ್ಲಿಸಿ, ರಾಜನ ಹಾಡು ಹಾಡಿಸಿ, ಒಬ್ಬೊಬ್ಬರಿಗೆ ಒಂದು ಬನ್ ಹಂಚಿದವಳು ನಾನೇ. ಬನ್ ಸಾಲದೆ ಜಗಳ ಆಗಿತ್ತಲ್ಲ? ಬೆಳಿಗ್ಗೆ ಬನ್ ಹಂಚೋದು, ಮಧ್ಯಾಹ್ನ ಆ ಬೆಟ್ಟದ ಮನೆಗೆ ಹೋಗಿ ಅದು ರೋಗ ಅಂತ ಟೈಪ್ ಮಾಡೋದು. ಇಡೀ ದ್ವೀಪದಲ್ಲಿ ನನಗೊಬ್ಬಳಿಗೇ ಒಂದು ಗುಟ್ಟು ಗೊತ್ತು ಅನ್ನಿಸ್ತಿತ್ತು. ಲಂಡನ್ನಿನ ಪತ್ರಿಕೆಗಳೂ ಹಾಗೇ ಬರೆದವಂತೆ, ಯಾರೂ ಆಡದ ಸತ್ಯ ಆಡಿದ್ದಾನೆ ಅಂತ.

ನಾವಾ? ನಾವೂ ಇದ್ದೀವಿ. ಹುಡುಕಬೇಕು. ಕೈಗಳಿದ್ದೀವಿ, ತಟ್ಟೆ ಹಿಡಿದ ಕೈಗಳು, ಬಾಗಿಲು ತೆಗೆಯೋ ಕೈಗಳು. ಮೈ ಇಲ್ಲ. ಆಮೇಲೆ ಒಂದು ನಗು ಇದೆ. ಎಪ್ಪತ್ತನೇ ಪುಟ... ಇದೇ. ‘ತೋಟದಾಚೆಯಿಂದ ಒಂದು ನಗು ಬಂತು, ಕಾರಣವಿಲ್ಲದ, ಕತ್ತಲಿನಷ್ಟು ಹಳೆಯದಾದ, ಈ ದ್ವೀಪದ್ದೇ ಆದ ನಗು.’ ಕಾರಣವಿಲ್ಲದ್ದಂತೆ! ಅವತ್ತು ನಕ್ಕಿದ್ದು ನೀವು, ಟಾಂಟಿ! ಪಾದ್ರಿಗಳು ಬಿಚ್ಚಿಟ್ಟ ಟೋಪಿಯೊಳಗೆ ನಿಮ್ಮ ಕೋಳಿ ಹೋಗಿ ಮೊಟ್ಟೆ ಇಟ್ಟಿತ್ತಲ್ಲ... ‘ಫಾದರ್, ಇವಳು ಪ್ರೊಟೆಸ್ಟೆಂಟು, ಏನೂ ತಿಳ್ಕೋಬೇಡಿ’ ಅಂತ ನೀವಂದು, ಸೊಂಟ ಹಿಡ್ಕೊಂಡು ನಕ್ಕಿದ್ದು ಬೆಟ್ಟದವರೆಗೂ ಕೇಳಿತ್ತು. ಸಾಹೇಬ್ರು ಹೇಳೋದು ನಿಲ್ಲಿಸಿ ಕಿವಿಗೊಟ್ರು. ಆಮೇಲೆ ಈ ವಾಕ್ಯ ಹೇಳಿದ್ರು. ಮೇಲಿಂದ ನಿಮ್ಮ ಅಂಗಳ ಕಾಣ್ತಿತ್ತು, ಕಾರಣ ನನಗೆ ಗೊತ್ತಿತ್ತು. ಸರ್, ಅದು ಕೋಳಿ ವಿಷಯ ಅಂತ ಬಾಯಿ ತೆರೆಯಲಿಲ್ಲ. ನಾಚಿಕೆ. ಕೋಳಿ, ಮೊಟ್ಟೆ... ಅಷ್ಟು ಎತ್ತರದ ವಾಕ್ಯಕ್ಕೆ ಕೋಳಿ ಹೊಂದಲ್ಲ ಅನ್ನಿಸಿತು.

ನಗಲಿಲ್ಲ ನೀವು. ಮೊದಲಾಗಿದ್ರೆ ನಗ್ತಿದ್ರಿ.

ಸರಿ. ಸಿಲ್ವನ್ ಇರೋ ಜಾಗ... ಓದ್ತೀನಿ. ಇನ್ನೂರ ಹನ್ನೊಂದು. ನಮ್ಮ ಮಾತಿನಲ್ಲೇ ಹೇಳ್ತೀನಿ, ಕೇಳಿ. ‘ಚಹಾ ತಣ್ಣಗಾಯಿತು, ಯಾವನೋ ಒಬ್ಬ ದೋಣಿಯವನು ಮುಳುಗಿದನೆಂದು ಯಾರೋ ಹೇಳಿದರು, ಮಧ್ಯಾಹ್ನ ತನ್ನ ಪಾಡಿಗೆ ತಾನು ಮುಂದುವರಿಯಿತು.’

ಅಷ್ಟೇ.

ಅಷ್ಟೇ, ಟಾಂಟಿ. ಇನ್ನಿಲ್ಲ. ಪುಟ ತಿರುಗಿಸಬೇಡಿ. ಮುಂದೆ ಆ ಅಧಿಕಾರಿಯ ತಂಗಿಯ ಮದುವೆ ಬರುತ್ತೆ.

ಹೇಗೆ ಹೋದ ಅನ್ನೋದು ಪುಸ್ತಕದಲ್ಲಿಲ್ಲ. ಊರಿಗೇ ಗೊತ್ತಲ್ಲ ಅದು. ಸೆಪ್ಟೆಂಬರ್. ಬೆಳಿಗ್ಗೆಯಿಂದ ಗಾಳಿ ಇರಲಿಲ್ಲ, ಆಕಾಶ ತಾಮ್ರದ ಬಣ್ಣ, ದೋಣಿಗಳನ್ನೆಲ್ಲ ಒಳಕೊಲ್ಲಿಗೆ ಎಳೆದು ಮರಗಳಿಗೆ ಕಟ್ಟಿ ಹಾಕ್ತಿದ್ರು. ಶುಕ್ರವಾರ ಆಚೆ ದೊಡ್ಡ ದ್ವೀಪದ ಸೇಂಟ್ ಜಾರ್ಜಸ್ ಬಂದರಿನಿಂದ ಇಂಗ್ಲೆಂಡಿಗೆ ಟಪ್ಪಾಲು ಹಡಗು ಹೊರಡಬೇಕಿತ್ತು. ಪುಸ್ತಕ ಟೈಪಾಗಿ ಮುಗಿದಿತ್ತು. ಇದೇ ಹಡಗಿಗೆ ಹೋಗಲೇಬೇಕು ಅಂತ ಸಾಹೇಬ್ರು ಹಟ ಹಿಡಿದ್ರು, ಸಿಲ್ವನ್‌ನ ಕಳಿಸಿದ್ರು. ಬಿರುಗಾಳಿ ಬಂತು. ಇಷ್ಟು ಹೇಳಿ ನಾಳೆ ಹಿರಿಯರಿಗೆ. ಇಷ್ಟು ಸಾಕು. ಬಿಳಿಯ ಒಬ್ಬ ತನ್ನ ಕಾಗದಕ್ಕೋಸ್ಕರ ನಿಮ್ಮ ಮಗನನ್ನ ಸಮುದ್ರಕ್ಕೆ ಕಳಿಸಿದ.

ಯಾಕೆ ಬಿಡಿಸೋದು ನಿಲ್ಲಿಸಿದ್ರಿ?

ಊರೆಲ್ಲ ಅದೇ ಹೇಳುತ್ತೆ ಟಾಂಟಿ, ನಾನೊಬ್ಬಳೇ ಅಲ್ಲ. ಸಾಹೇಬ್ರು ಲಂಡನ್ನಿಗೆ ಹೊರಟ ದಿನ ಬಂದರಿನಲ್ಲಿ ಹೆಂಗಸರೆಲ್ಲ ಅವರ ಪೆಟ್ಟಿಗೆ ಮೇಲೆ ಉಗಿದ್ರು. ನಾನು ಅಲ್ಲೇ ನಿಂತಿದ್ದೆ. ಅವರಿಗೆ ಅರ್ಥವೇ ಆಗಲಿಲ್ಲ ಪಾಪ, ಟೋಪಿ ಎತ್ತಿ ವಂದನೆ ಮಾಡಿದ್ರು... ನೀವು ಮಾತ್ರ ಉಗಿಯಲಿಲ್ಲ. ಬಂದಿದ್ರಿ. ಹಿಂದೆ ನಿಂತಿದ್ರಿ. ಅವರನ್ನ ನೋಡ್ತಿರಲಿಲ್ಲ ನೀವು. ನನ್ನನ್ನ ನೋಡ್ತಿದ್ರಿ. ಮೂರು ವರ್ಷದಲ್ಲಿ ನಿಮ್ಮ ಬಾಯಿಂದ ಆ ಮನುಷ್ಯನಿಗೆ ಒಂದು ಬೈಗುಳ ಕೇಳಿಲ್ಲ ನಾನು.

ಪಾಪ ಅಂದೆನಾ? ಅಂದೆ. ಬಾಯಿ ತಪ್ಪಿ ಬಂತು.

...ಹಾಗೆ ನೋಡಬೇಡಿ.

ಆಯ್ತು. ಇನ್ನೊಂದು ಸಲ ಹೇಳ್ತೀನಿ. ಹಟ ಹಿಡಿದ್ರು ಅಂದೆನಲ್ಲ... ಹಟ ಅಂತ ಅಲ್ಲ. ಅವರ ಮನೆ ಗೋಡೆ ಮೇಲೆ ಹವೆ ಹೇಳೋ ಗಡಿಯಾರ ಒಂದಿತ್ತು. ಅದರ ಮುಳ್ಳು ಇಳಿದದ್ದು ನೋಡಿದ್ರು. ಬೆರಳಲ್ಲಿ ತಟ್ಟಿ ಮತ್ತೆ ನೋಡಿದ್ರು. ‘ಬೇಡ ಬಿಡು ಇಸ್ಮೇ, ಹದಿನೈದು ದಿನಕ್ಕೆ ಇನ್ನೊಂದು ಹಡಗು ಬರುತ್ತಲ್ಲ, ಪುಸ್ತಕಕ್ಕೇನು ಹಸಿವೆಯಾ’ ಅಂದು ಒಳಗೆ ಹೋಗಿ ಮಲಗಿದ್ರು. ಅವರಿಗೆ ಅವತ್ತು ಕೆಮ್ಮು ಜಾಸ್ತಿ ಇತ್ತು.

ಹೂಂ. ಬೇಡ ಬಿಡು ಅಂದ್ರು.

ನನಗೆ ಹಸಿವೆ ಇತ್ತು, ಟಾಂಟಿ. ಪುಸ್ತಕ ಅಲ್ಲಿಗೆ ಮುಟ್ಟಿ, ಅಚ್ಚು ಹಾಕೋರು ಒಪ್ಪಿದ್ರೆ, ಲಂಡನ್ನಿಗೆ ಕರೆಸ್ಕೋತೀನಿ, ನಿನ್ನಷ್ಟು ಚೊಕ್ಕವಾಗಿ ಟೈಪ್ ಮಾಡೋರು ಅಲ್ಲೂ ಇಲ್ಲ ಅಂದಿದ್ರು. ಒಂದು ಸಲ ಅಂದಿದ್ರು. ಊಟದ ನಡುವೆ, ಉಪ್ಪು ಕೊಡು ಅಂದ ಹಾಗೆ. ನಾನು ಅದನ್ನ ಹಗಲೂ ರಾತ್ರಿ ಮನಸ್ಸಲ್ಲಿ ಟೈಪ್ ಮಾಡ್ಕೊಂಡಿದ್ದೆ. ಹದಿನೈದು ದಿನ! ಹದಿನೈದು ದಿನದಲ್ಲಿ ಮನಸ್ಸು ಬದಲಾಯಿಸಿಬಿಟ್ರೆ? ಕೆಮ್ಮು ಹೆಚ್ಚಾಗಿ ಸತ್ತೇಹೋದ್ರೆ? ನಾನು ಕಾಗದಗಳನ್ನ ಎಣ್ಣೆಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಕಡಲ ದಡಕ್ಕೆ ಇಳಿದೆ.

ಸಿಲ್ವನ್ ದೋಣಿ ಎಳೆಯೋಕೆ ಹಗ್ಗ ಹಾಕ್ತಿದ್ದ. ಪಟ್ಟೆ ಪಟ್ಟೆ ಶರ್ಟು, ಮೊಣಕೈ ಹತ್ರ ಹರಿದಿದ್ದು. ನನ್ನ ನೋಡಿ, ‘ಏನು ಟೀಚರಮ್ಮ, ಬೆರಳಿಗೆ ರಜವಾ? ನಮ್ಮಮ್ಮ ತೊಗರಿಕಾಯಿ ರಾಶಿ ಹಾಕ್ಕೊಂಡು ಕೂತಿದ್ದಾಳೆ, ಹೋಗಿ ಅಲ್ಲಿ ಓಡಿಸು ನಿನ್ನ ಬೆರಳು’ ಅಂದ. ಸಾಹೇಬ್ರ ಅಪ್ಪಣೆ ಆಗಿದೆ, ಇದು ಇವತ್ತೇ ಹೋಗಬೇಕು ಅಂದೆ. ಆಕಾಶ ನೋಡಿದ. ‘ನಿನ್ನ ಸಾಹೇಬಂಗೆ ಕಣ್ಣಿಲ್ವಾ?’ ಅಂದ. ಹೆದರಿಕೆ ಆದ್ರೆ ಹೇಳು, ಬೇರೆಯವರನ್ನ ಕೇಳ್ತೀನಿ ಅಂದೆ. ಹಾಗಂದ್ರೆ ಗಂಡಸರು ಹೋಗ್ತಾರೆ ಅಂತ ನಮ್ಮೂರಲ್ಲಿ ಯಾವ ಹೆಣ್ಣಿಗೆ ಗೊತ್ತಿಲ್ಲ? ಅವನು ಅದಕ್ಕೂ ಬಗ್ಗಲಿಲ್ಲ. ನಕ್ಕ. ‘ಹೌದು, ಹೆದರಿಕೆ’ ಅಂದ. ಅಷ್ಟು ಧೈರ್ಯ ಅವನಿಗೆ.

ಆಮೇಲೆ ಗಂಟು ಕೈಗೆ ತಗೊಂಡು ತೂಗಿ ನೋಡಿದ. ‘ಇಷ್ಟು ಭಾರ ಇದೆಯಲ್ಲ, ಇದರಲ್ಲಿ ನಾನಿದ್ದೀನಾ ಇಸ್ಮೇ?’ ಅಂತ ಕೇಳಿದ.

ಇದ್ದೀಯ ಅಂದೆ.

ನಿಜವಾಗ್ಲೂ? ಹೆಸರು ಹಾಕಿ? ಅಂದ. ಹೆಸರು ಹಾಕಿ, ಸಿಲ್ವನ್ ಬೆಡೋ ಅಂತ, ದೋಣಿ ಹೆಸರೂ ಹಾಕಿದೆ, ನಿಮ್ಮಮ್ಮನ ಹೆಸರೂ ಇದೆ ಅಂದೆ. ಲಂಡನ್ನಿನಲ್ಲಿ ಜನ ಓದ್ತಾರೆ ಅಂದೆ. ಮುಖ ಹೇಗಾಯ್ತು ಗೊತ್ತಾ ಅವನಿಗೆ... ಬೇಡ. ಅದನ್ನ ಹೇಳಲ್ಲ.

ಅವನ ಬಗ್ಗೆ ಒಂದು ಸಾಲೂ ಇರಲಿಲ್ಲ, ಟಾಂಟಿ. ಆಗ ಆ ಅರ್ಧ ವಾಕ್ಯವೂ ಇರಲಿಲ್ಲ.

ಇನ್ನೂ ಇದೆ. ತಾಳಿ. ಎಲ್ಲಾ ಹೇಳಿಬಿಡ್ತೀನಿ. ಕಾಗದಗಳೆಲ್ಲ ನೀರುಪಾಲಾದವಲ್ಲ, ಮತ್ತೆ ಈ ಪುಸ್ತಕ ಹೇಗೆ ಬಂತು ಅಂತ ನೀವು ಒಂದು ದಿನಾನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ. ನಾವು ಟೈಪ್ ಮಾಡುವಾಗ ಎರಡು ಹಾಳೆ ನಡುವೆ ಕಪ್ಪು ಕಾರ್ಬನ್ ಇಡ್ತೀವಿ. ಮೇಲೆ ಹೊಡೆದದ್ದು ಕೆಳಗೂ ಮೂಡುತ್ತೆ. ಎರಡನೇ ಪ್ರತಿ ಇತ್ತು. ಮುನ್ನೂರು ಪುಟವೂ. ನನ್ನ ಮೇಜಿನ ಡ್ರಾಯರಿನಲ್ಲಿ, ಒಣಗಿಕೊಂಡು, ಬೆಚ್ಚಗೆ. ಅವನು ಗಂಟನ್ನ ಸಮುದ್ರಕ್ಕೆ ಎಸೆದು ಈಜಬಹುದಿತ್ತು. ಎಸೀಬಹುದು ಅಂತ ನಾನು ಹೇಳಿರಲಿಲ್ಲ. ಸಿಕ್ಕಾಗ ಅವನ ಸೊಂಟಕ್ಕೆ ಅದು ಕಟ್ಟಿಕೊಂಡೇ ಇತ್ತು ಅಂತ... ನೀರು ಕುಡಿದು ಕಲ್ಲಾಗಿತ್ತು ಅಂತ...

ಸಾಹೇಬ್ರಿಗೆ ಅವನೇ ಸ್ವಂತ ಬುದ್ಧಿಯಿಂದ ತಗೊಂಡು ಹೋದ ಅಂದೆ. ನಿಮಗೆಲ್ಲ ಸಾಹೇಬ್ರು ಕಳಿಸಿದ್ರು ಅಂದೆ. ಇಬ್ಬರೂ ನಂಬಿದ್ರಿ. ಅವರಿಗೆ ನಮ್ಮ ಮಾತು ಬರಲ್ಲ, ನಿಮಗೆ ಅವರದ್ದು ಬರಲ್ಲ, ನಡುವೆ ನಾನೊಬ್ಬಳು. ಅವರು ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಕುರ್ಚಿ ತಿರುಗಿಸಿ ಕೂತು, ಒಂದು ವಾಕ್ಯ ಸೇರಿಸಬೇಕು ಅಂದ್ರು. ಅವನ ಹೆಸರೇನು ಇಸ್ಮೇ, ಹೆಸರು ಹಾಕೋಣ ಅಂದ್ರು. ಹೌದು, ಕೇಳಿದ್ರು! ಕೇಳಿದ್ರು ಆ ಮನುಷ್ಯ. ನಾನು, ಬೇಡ ಸರ್, ಹೆಸರಿಲ್ಲದಿದ್ರೇ ಚೆನ್ನಾಗಿರುತ್ತೆ, ವಾಕ್ಯ ಹಗುರವಾಗಿ ಹೋಗುತ್ತೆ ಅಂದೆ. ಎಂಟು ತಿಂಗಳಲ್ಲಿ ಅಷ್ಟು ಕಲಿತಿದ್ದೆ. ‘ನಿನಗೆ ಕಿವಿ ಇದೆ’ ಅಂತ ಮೆಚ್ಚಿಕೊಂಡ್ರು.

ಹೆಸರು ಟೈಪ್ ಮಾಡೋಕೆ ನನ್ನಿಂದ ಆಗ್ತಿರಲಿಲ್ಲ. ಅದಕ್ಕೆ. ವಾಕ್ಯಕ್ಕೋಸ್ಕರ ಅಲ್ಲ. ನನ್ನ ಬೆರಳಿಗೋಸ್ಕರ.

ಎಲ್ಲಿಗೆ ಎದ್ದಿರಿ? ಟಾಂಟಿ? ಕಲ್ಲಿನ ಹತ್ರ ಹೋಗ್ತೀರಾ... ನಾನೂ ಬರ್ಲಾ ಒಳಗೆ? ಸರಿ. ಇಲ್ಲೇ ಕೂರ್ತೀನಿ.

...ಏನದು? ಯಾವ ಗಂಟು? ನನಗಾ?

ಇದು... ಇದು ಪಟ್ಟೆ ಶರ್ಟು. ಮೊಣಕೈ ಹೊಲಿದಿದ್ದೀರಿ. ಇದು ಅವತ್ತು ಅವನ ಮೈಮೇಲಿತ್ತು, ದಡದಲ್ಲಿ, ನನ್ನ ಜೊತೆ ಮಾತಾಡುವಾಗ. ಇದು ನಿಮ್ಮ ಹತ್ರ ಹೇಗೆ...

ಅವನು ಮನೆಗೆ ಬಂದಿದ್ದ.

ಬಂದಿದ್ದ, ಅಲ್ವಾ? ಬಿಳಿ ಶರ್ಟು ಹಾಕ್ಕೊಳ್ಳೋಕೆ. ಚರ್ಚಿನ ಶರ್ಟು. ಸಿಕ್ಕಾಗ ಮೈಮೇಲೆ ಬಿಳಿ ಶರ್ಟು ಇತ್ತು ಅಂತ ಎಲ್ಲರೂ ಅಂದ್ರು, ನಾನೂ ಕೇಳಿಸ್ಕೊಂಡೆ. ಯಾವಾಗ ಬದಲಾಯಿಸಿದ ಅಂತ ಯೋಚನೆ ಬಂತು. ಬೇಡ ಅಂತ ತಳ್ಳಿದೆ. ತನ್ನ ಹೆಸರಿರೋ ಪುಸ್ತಕ ತಗೊಂಡು ಹೋಗೋನು, ಹರಿದ ಶರ್ಟಿನಲ್ಲಿ ಹೋಗ್ತಾನಾ ಅವನು!

ಹಾಗಾದ್ರೆ ಹೇಳಿ ಹೋಗಿದ್ದಾನೆ ನಿಮಗೆ. ಈ ಜಗಲೀಲೇ ನಿಂತು, ಗುಂಡಿ ಹಾಕ್ಕೊಳ್ತಾ... ಅಮ್ಮಾ, ಇಸ್ಮೇ ಕಳಿಸ್ತಿದ್ದಾಳೆ ಅಂತ. ನಿನ್ನ ಹೆಸರೂ ಇದೆಯಂತೆ ಅಂತ. ಅಂದನಾ? ಟಾಂಟಿ, ಅಂದನಾ?

ಗೊತ್ತಿತ್ತು ನಿಮಗೆ. ಮೂರು ವರ್ಷ. ಬಂದರಿನಲ್ಲಿ ಗೊತ್ತಿತ್ತು. ಭಾನುವಾರ ಭಾನುವಾರ ಶಾಲೆ ಹಿಂದಿನ ನನ್ನ ಕೋಣೆಗೆ ಊಟದ ತಟ್ಟೆ ಬರ್ತಿತ್ತು, ಮೇಲೆ ಬಟ್ಟೆ ಮುಚ್ಚಿ... ನೀವು ಒಂದು ಸಲಾನೂ ಬರಲಿಲ್ಲ, ತಟ್ಟೆ ಮಾತ್ರ ಬರ್ತಿತ್ತು. ಗೊತ್ತಿದ್ದೂ ಕಳಿಸ್ತಿದ್ರಿ. ಸೊಸೆಗೆ ಅಂತ ಕಳಿಸ್ತಿದ್ದಾರೆ ಅಂದ್ಕೊಂಡು ನಾನು ತಿಂತಿದ್ದೆ. ಚೊಕ್ಕವಾಗಿ ತಿಂದು ತೊಳೆದು ಕಳಿಸ್ತಿದ್ದೆ! ಪುಸ್ತಕ ತಗೊಂಡು ಬಾ ಅಂತ ಕರೆಸಿದ್ದೂ... ಪುಸ್ತಕಕ್ಕಲ್ಲ. ನನ್ನ ಬಾಯಿಂದ ಏನು ಬರುತ್ತೆ ಅಂತ ಕೇಳೋಕೆ. ಮೊದಲನೇ ಸಲ ಹೇಳಿದಾಗ ಸುಳ್ಳೇ ಹೇಳಿದೆನಲ್ಲ ನಾನು. ಕಾಯಿ ಬಿಡಿಸ್ತಾ, ಸಲೀಸಾಗಿ.

ಸಾಲಿನಲ್ಲಿ ಜಾಗ ಬೇಕು ಅಂದಿದ್ದೆ, ಅದನ್ನ ಬಿಟ್ಟುಬಿಡಿ. ಆ ಮಾತು ವಾಪಸ್. ಸೊಸೆಯ ಹಾಗೆ ಮೊಣಕಾಲೂರೋಕೆ ನನಗೆ ಮುಖ ಇಲ್ಲ.

ಬೇರೆ ಒಂದು ಕೇಳ್ತೀನಿ. ನಾಳೆ ಹಿರಿಯರಿಗೆ ಯಾರು ಹೇಳ್ತಾರೆ? ನಿಮ್ಮ ತಮ್ಮನಾ? ಅವರು ಇಲ್ಲಿರಲಿಲ್ಲ ಆಗ, ಅವರಿಗೂ ಊರು ಹೇಳಿದ್ದೇ ಗೊತ್ತಿರೋದು. ಸಾಹೇಬ ಕಳಿಸಿದ ಅಂತಾರೆ. ಕಲ್ಲಿನ ಮುಂದೆ ನಿಂತು ನನ್ನ ಸುಳ್ಳನ್ನ ಹೇಳ್ತಾರೆ, ಅದು ಸಿಲ್ವನ್ ಕಿವಿಗೆ ಬೀಳುತ್ತೆ. ಬೇಡ ಟಾಂಟಿ. ನಾನು ಹೇಳ್ತೀನಿ. ಎಲ್ಲರ ಮುಂದೆ. ನಾನು ಜನರ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ, ಗೊತ್ತು, ಮಕ್ಕಳ ಮುಂದೆ ನಿಂತ್ರೂ ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟಲ್ಲ. ಆದರೂ ಹೇಳ್ತೀನಿ. ಹರಿದ ಶರ್ಟಿನಿಂದ ಹಿಡಿದು. ಡ್ರಾಯರಿನ ತನಕ. ಆಮೇಲೆ ಉಗಿಯೋರು ಉಗೀಲಿ, ಶಾಲೆಯಿಂದ ತೆಗೀತಾರಾ, ತೆಗೀಲಿ.

ಹೇಳ್ಲಾ?

ಬೇಡ ಅಂದ್ರೂ ಸರಿ... ಬೇಡ ಅಂತ ಅನ್ನಿ. ಈ ಅಂಗಳ ಬಿಟ್ಟು ಹೋಗು ಅನ್ನಿ. ಮತ್ತೆ ಕಾಯಿ ಬಿಡಿಸೋಕೆ ಕೂತ್ರಲ್ಲ, ಒಂದು ನಿಮಿಷ ನಿಲ್ಲಿಸಿ, ನನ್ನ ಕಡೆ ನೋಡಿ, ಟಾಂಟಿ. ಏನಾದ್ರೂ ಒಂದು ಮಾತು ಅನ್ನಿ.